ಹಳೆಯ ಸೇತುವೆ ಯಾರಿಗೆ ಸೇರಬೇಕು?

ರಾಜಮಹೇಂದ್ರಿಯ ಬಳಿ ಗೋದಾವರಿಯನ್ನು ದಾಟಿ ಕೊವ್ವೂರಿನ ಕಡೆಗೆ ಹೋಗುವ ಹ್ಯಾವ್‌ಲಾಕ್ ಸೇತುವೆ 1900ರಲ್ಲಿ ರೈಲು ಸಂಚಾರಕ್ಕೆ ತೆರೆಯಿತು. 56 ಅಂಕಣಗಳ, ಸುಮಾರು ಎರಡೂ ಮುಕ್ಕಾಲು ಕಿಲೋಮೀಟರು ಉದ್ದದ ಸೇತುವೆ. ಅದಕ್ಕೆ ಇಟ್ಟದ್ದು ಮದರಾಸಿನ ಗವರ್ನರನ ಹೆಸರು, ಕಟ್ಟಿದ ಕೂಲಿಗಾರರದಲ್ಲ. ಪಕ್ಕದಲ್ಲಿ ಹೊಸ ಕಮಾನು ಸೇತುವೆ ಎದ್ದ ಮೇಲೆ, 1997ರಲ್ಲಿ ಹಳೆಯದಕ್ಕೆ ವಿಶ್ರಾಂತಿ ಕೊಡಲಾಯಿತು. ಅದನ್ನು ಪ್ರವಾಸಿಗಳ ನಡೆದಾರಿಯಾಗಿ ಮಾಡುವ ಮಾತು ಬಹಳ ವರ್ಷ ಮಾತಾಗಿಯೇ ಉಳಿದು, ಕೊನೆಗೆ 2025ರಲ್ಲಿ ಅಖಂಡ ಗೋದಾವರಿ ಯೋಜನೆಗೆ ಶಂಕುಸ್ಥಾಪನೆಯಾಯಿತು.

ಇದನ್ನು ನಾವು ಸ್ವಾಗತಿಸುತ್ತೇವೆ. ಗಟ್ಟಿಯಾಗಿ ನಿಂತಿರುವ ಕಂಬಗಳನ್ನು ಗುಜರಿಗೆ ಒಪ್ಪಿಸುವುದಕ್ಕಿಂತ ಜನರ ಕಾಲಿಗೆ ಒಪ್ಪಿಸುವುದು ಮೇಲು. ಆದರೆ ಯಾವ ಜನ ಎಂಬ ಪ್ರಶ್ನೆಯನ್ನು ಈಗಲೇ ಕೇಳಬೇಕಾಗಿದೆ. ಟಿಕೇಟು ಕೊಂಡು ಸೂರ್ಯಾಸ್ತ ನೋಡಲು ಬರುವವರೋ, ತಲೆಯ ಮೇಲೆ ಬುಟ್ಟಿ ಹೊತ್ತು ಈ ದಡದಿಂದ ಆ ದಡಕ್ಕೆ ಹೋಗುವವರೋ?

ಇದು ಆಗದ ಕೆಲಸವೆನ್ನುವವರು ಬಂಡವಾಳಶಾಹಿಯ ತವರಾದ ಅಮೆರಿಕೆಯನ್ನೇ ನೋಡಲಿ. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ ಹಡ್ಸನ್ ನದಿಯ ಮೇಲಿನ ರೈಲು ಸೇತುವೆ 1974ರಲ್ಲಿ ಬೆಂಕಿಗೆ ಸಿಕ್ಕಿ ನಿಂತುಹೋಯಿತು. 1984ರಲ್ಲಿ ರೈಲು ಕಂಪೆನಿ ಅದನ್ನು ಒಂದೇ ಒಂದು ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ಅದನ್ನು ಉಳಿಸಿದವರು ಊರಿನವರು. 1992ರಲ್ಲಿ ಸಂಘ ಕಟ್ಟಿ, ವರ್ಷಗಟ್ಟಲೆ ದುಡಿದು, 2009ರಲ್ಲಿ ನಡಿಗೆಗೆ ತೆರೆಸಿದರು. ನೀರಿನಿಂದ 212 ಅಡಿ ಎತ್ತರದ ಆ ದಾರಿ ರಾಜ್ಯದ ಸಾರ್ವಜನಿಕ ಉದ್ಯಾನವಾಯಿತು. ನಡೆಯುವವರಿಗೆ ಶುಲ್ಕವಿಲ್ಲ.

ನಮ್ಮಲ್ಲಿ ಇದಕ್ಕೆ ವಿರುದ್ಧವಾದ ಪಾಠವೂ ಇದೆ. ಗುಜರಾತಿನ ಮೋರ್ಬಿಯ ತೂಗುಸೇತುವೆ ರೈಲಿನದಲ್ಲ, ಕಾಲುದಾರಿಯದೇ. ಅದರ ಪಾಲನೆಯನ್ನು ಖಾಸಗಿಯವರಿಗೆ ವಹಿಸಲಾಗಿತ್ತು, ಟಿಕೇಟು ಮಾರಲಾಗುತ್ತಿತ್ತು. ದುರಸ್ತಿಯ ನಂತರ ತೆರೆದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು ಅದು ಕುಸಿದು 135 ಮಂದಿ ಸತ್ತರು. ಎಣಿಸಿದ್ದು ಟಿಕೇಟಿನ ಕಾಸನ್ನು. ಸೇತುವೆಯ ಮೇಲಿನ ತಲೆಗಳನ್ನಲ್ಲ.

ಹಳೆಯ ಕಬ್ಬಿಣ ಸುಮ್ಮನೆ ಬಾಳುವುದಿಲ್ಲ. ತುಕ್ಕು ಕೆರೆಯಬೇಕು, ಬಣ್ಣ ಬಳಿಯಬೇಕು, ಕಂಬದ ಬುಡವನ್ನು ಪ್ರತಿ ಮಳೆಗಾಲದ ನಂತರ ನೋಡಬೇಕು. ಈ ಕೆಲಸದಲ್ಲಿ ಲಾಭವಿಲ್ಲ. ಆದುದರಿಂದಲೇ ಲಾಭಕ್ಕೆ ಬಂದವನ ಕೈಗೆ ಇದನ್ನು ಕೊಡಬಾರದು. ಖರ್ಚೆಲ್ಲಿಂದ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೆ: ಮೋಟಾರುಗಳಿಗಾಗಿ ಮೇಲುಸೇತುವೆ ಕಟ್ಟುವ ಬೊಕ್ಕಸದಿಂದಲೇ.

ನಾವು ಬೇಡುವುದು ಮೂರು. ಸೇತುವೆಯ ಒಡೆತನ ಸಾರ್ವಜನಿಕವಾಗಿರಲಿ. ನಡೆದು ದಾಟುವವನಿಗೆ ಬಾಗಿಲಲ್ಲಿ ಟಿಕೇಟು ಬೇಡ. ಪರಿಶೀಲನೆಯ ವರದಿಯನ್ನು ವರ್ಷಕ್ಕೊಮ್ಮೆ ಜನರೆದುರು ಓದಲಿ.

ಇದು ಗೋದಾವರಿ ತೀರದವರ ಮಾತು ಮಾತ್ರವಲ್ಲ. ಹೊಸ ಮಾರ್ಗಗಳು ಬಂದಂತೆಲ್ಲ ಹಳೆಯ ಸೇತುವೆಗಳು ಕೆಲಸ ಕಳೆದುಕೊಳ್ಳುತ್ತಲೇ ಇರುತ್ತವೆ. ನಮ್ಮ ಹೊಳೆಗಳಿಗೂ ಆ ದಿನ ಬರುತ್ತದೆ. ಅಂದು ಟೆಂಡರಿನ ಕಾಗದ ನಮ್ಮ ಊರಿಗೆ ತಲುಪುವ ಮೊದಲೇ ಊರವರು ಸೇತುವೆಯ ಮೇಲೆ ನಿಂತಿರಬೇಕು.