ಓಡುತ್ತಾ ಬಿದ್ದ ಮಗುವಿಗೆ ಗ್ಲುಕೋಸ್ ಕುಡಿಸಿ ಸುಮ್ಮನಾಗಬೇಡಿ!

ಅಪ್ಪಂದಿರೇ, ಅಮ್ಮಂದಿರೇ, ಮೇಷ್ಟ್ರುಗಳೇ,

ಹೋಬಳಿ ಕ್ರೀಡಾಕೂಟದಲ್ಲಿ ನಾವೆಲ್ಲ ಕಂಡದ್ದೇ ಇದು. ಓಡುತ್ತಿದ್ದ ಹುಡುಗಿ ಗೆರೆ ಮುಟ್ಟುವ ಮೊದಲೇ ಕುಸಿಯುತ್ತಾಳೆ. ಒಬ್ಬರು ಮುಖಕ್ಕೆ ನೀರು ಎರಚುತ್ತಾರೆ. ಇನ್ನೊಬ್ಬರು ಫಿಟ್ಸ್ ಎಂದು ಕೈಗೆ ಬೀಗದ ಕೈ ತುರುಕುತ್ತಾರೆ. ‘ಬೆಳಗ್ಗೆ ತಿಂಡಿ ತಿಂದಿಲ್ಲ ಕಣ್ರೀ, ಬಿಸಿಲು ಬೇರೆ!’ ಎನ್ನುತ್ತಾರೆ ಮತ್ತೊಬ್ಬರು. ಮಗು ಕಣ್ಣು ಬಿಟ್ಟರೆ ಗ್ಲುಕೋಸ್ ನೀರು. ಮಾರನೇ ದಿನ ಮತ್ತೆ ಮೈದಾನಕ್ಕೆ!

ಪ್ರಾರ್ಥನೆಗೆ ನಿಂತು ನಿಂತು ತಲೆ ಸುತ್ತಿ ಬೀಳುವುದು ಬೇರೆ. ಓಡುವಾಗಲೇ ಬೀಳುವುದು ಬೇರೆ! ಅದು ಹೃದಯ ಕೊಡುವ ಎಚ್ಚರಿಕೆ ಇರಬಹುದು. ಎಷ್ಟೋ ಮಕ್ಕಳಿಗೆ ಎರಡನೇ ಎಚ್ಚರಿಕೆ ಸಿಗುವುದೇ ಇಲ್ಲ.

ಸುಮಾರು 500 ಜನರಲ್ಲಿ ಒಬ್ಬರಿಗೆ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಇರುತ್ತದೆ. ವಂಶದಲ್ಲಿ ಬರುವಂಥದ್ದು. ಕೆಲವರಿಗೆ ಹೃದಯ ಬಡಿಸುವ ವಿದ್ಯುತ್ ವ್ಯವಸ್ಥೆಯಲ್ಲೇ ದೋಷ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಕಬಡ್ಡಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಆಡುವ ಹುಡುಗನೇ ಇರಬಹುದು! ಅವನ ಚಿಕ್ಕಪ್ಪ ಮೂವತ್ತಕ್ಕೇ ನಿದ್ದೆಯಲ್ಲೇ ಹೋಗಿದ್ದ. ಮನೆಯವರು ‘ಹಣೆಬರಹ’ ಎಂದು ಅತ್ತು ಸುಮ್ಮನಾದರು. ಯಾರೂ ಡಾಕ್ಟರಿಗೆ ಹೇಳಲಿಲ್ಲ. ನಿಮ್ಮ ಮನೆಯಲ್ಲೂ ಹೀಗಾಗಿದೆಯೇ? ಇವತ್ತೇ ಹೇಳಿ! ಆಡುವಾಗ ಎದೆನೋವು, ಸುಮ್ಮನಿದ್ದಾಗಲೂ ಎದೆ ಡವಡವ ಎನ್ನುವುದು, ಇವನ್ನೂ ಹೇಳಿ.

ಹೃದಯದ ಬಡಿತ ನೋಡುವ ಇಸಿಜಿಗೆ ಸೂಜಿ ಚುಚ್ಚುವುದಿಲ್ಲ. ಕೆಲವೇ ನಿಮಿಷದ ಕೆಲಸ. ಜಪಾನಿನಲ್ಲಿ ಶಾಲೆಯಲ್ಲೇ ಮಕ್ಕಳಿಗೆ ಮಾಡುತ್ತಾರೆ. ಇಟಲಿಯಲ್ಲಿ 1982ರಿಂದ ಸ್ಪರ್ಧೆಗಿಳಿಯುವ ಆಟಗಾರರಿಗೆ ತಪಾಸಣೆ ಕಡ್ಡಾಯ. ನಮ್ಮ ಮಕ್ಕಳ ಜೀವ ಅಗ್ಗವೇ?

2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ನಾವು ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲು ನಿಂತೆವು. 15 ವರ್ಷದ ಶಾಲಾ ಮಕ್ಕಳಿಗೆ ಹೃದಯ ತಪಾಸಣೆ ಎಂದು ಆ ಜುಲೈನಲ್ಲಿ ಸರ್ಕಾರ ಹೇಳಿತು. ನಿಮ್ಮ ಶಾಲೆಗೆ ಬಂದಿತೇ? ಕೇಳಿ! ಕೇಳುವ ಹಕ್ಕು ನಮ್ಮದು!

ಇಸಿಜಿಯಲ್ಲಿ ಎಲ್ಲವೂ ಸಿಕ್ಕಿಬೀಳುವುದಿಲ್ಲ, ನಿಜ. ಅದಕ್ಕೇ ಮೈದಾನದಲ್ಲಿ ಎದೆ ಒತ್ತಲು ಕಲಿತ ಕೈಗಳು ಬೇಕು, ಶಾಕ್ ಕೊಡುವ ಎಇಡಿ ಯಂತ್ರ ಬೇಕು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫುಟ್‌ಬಾಲ್ ಆಟಗಾರ ಎರಿಕ್ಸನ್ ಪಂದ್ಯದ ನಡುವೆಯೇ ಬಿದ್ದರು. ಹೃದಯ ನಿಂತಿತ್ತು. ಅಲ್ಲೇ ಎದೆ ಒತ್ತಿದರು, ಅಲ್ಲೇ ಶಾಕ್ ಕೊಟ್ಟರು. ಆತ ಬದುಕಿದರು, ಮತ್ತೆ ಆಡಿದರು!

ನಮ್ಮ ಮಕ್ಕಳು ಬಿದ್ದಾಗ ಏನಾಗುತ್ತದೆ? ಕಾರು ಹುಡುಕುತ್ತೇವೆ! ಎದೆಯನ್ನೂ ಒತ್ತದಿದ್ದರೆ, ಶಾಕ್ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಆಸೆ ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆ. ಕರೆದರೆ ಮಾತಿಲ್ಲ, ಉಸಿರಿಲ್ಲವೇ? ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಎದೆಯ ನಟ್ಟನಡುವೆ ಅಂಗೈ ಊರಿ ಒತ್ತಿ. ಗಟ್ಟಿಯಾಗಿ, ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಸುಸ್ತಾದರೆ ಪಕ್ಕದವರು ಮುಂದುವರಿಸಲಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುಸಿರು ಎಳೆದರೆ ‘ಉಸಿರಾಡ್ತಿದೆ’ ಎಂದು ಕೈ ಬಿಡಬೇಡಿ! ಅದು ಉಸಿರಲ್ಲ!

ಈ ತಿಂಗಳ ಶಾಲಾ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಗೆ ಗುಂಪಾಗಿ ಹೋಗೋಣ. ಓಡುವಾಗ ಬಿದ್ದ ಮಕ್ಕಳ ಹೆಸರು ಶಾಲೆಗೆ ತಪಾಸಣೆಗೆಂದು ಬರುವ ಆರ್‌ಬಿಎಸ್‌ಕೆ ಡಾಕ್ಟರಿಗೆ ಹೋಗಲಿ. ಇಸಿಜಿ ಆಗುವ ತನಕ ಅವರನ್ನು ಓಟಕ್ಕೆ ಇಳಿಸಬೇಡಿ. ಪಿಟಿ ಮೇಷ್ಟ್ರಿಗೆ, ಅಡುಗೆಯವರಿಗೆ, ಹೈಸ್ಕೂಲು ಮಕ್ಕಳಿಗೆ ಎದೆ ಒತ್ತುವುದನ್ನು ಕಲಿಸಲಿ. ಕ್ರೀಡಾಕೂಟದ ಮೈದಾನಕ್ಕೆ ಎಇಡಿ ಬರಲಿ. ಮಾತಲ್ಲೇ ‘ಆಯ್ತು’ ಎಂದರೆ ಏಳಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡೇ ಬನ್ನಿ!