ಉಪಯೋಗಿಸುವವರು ನೂರು, ತಿದ್ದುವವರು ಯಾರು?



ಪರಿಸರ ವ್ಯವಸ್ಥೆಯ ಪಾಠ ಮಾಡುವಾಗ ಬೋರ್ಡಿನ ಮೇಲೆ ಮೂರು ಹೆಸರು ಬರೀತೀವಿ: ಉತ್ಪಾದಕರು, ಭಕ್ಷಕರು, ವಿಘಟಕರು. ಬರೀ ಭಕ್ಷಕರೇ ಇರುವ ಕೆರೆ ಎಷ್ಟು ದಿನ ಉಳಿಯುತ್ತೆ ಅಂತ ಕೇಳಿದರೆ ಮಕ್ಕಳು ಥಟ್ಟನೆ ಉತ್ತರ ಕೊಡ್ತಾರೆ. ಅದೇ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕಾಗಿದೆ.

ಹಿಂದೂಪುರ, ಕಲ್ಯಾಣದುರ್ಗದ ಕಡೆ ನಮ್ಮಲ್ಲಿ ಅನೇಕರು 'ಫೆಟ್' ಸಿಮ್ಯುಲೇಶನ್ ತೋರಿಸಿ ಪಾಠ ಮಾಡ್ತೀವಿ. ಭೌತವಿಜ್ಞಾನದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಅದು. ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ ಮುಕ್ತವಾಗಿದೆ. ಬೇರೆ ಬೇರೆ ಭಾಷೆಗಳಿಗೆ ಅದನ್ನು ತಂದವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ನಾವು ಮಾತ್ರ ಉಪಯೋಗಿಸಿ ಸುಮ್ಮನಾಗ್ತೀವಿ.

ಒಮ್ಮೆ ಚಲನೆಯ ಒಂದು ಸಿಮ್ಯುಲೇಶನ್‌ನ ಪದಗಳನ್ನು ಕನ್ನಡಕ್ಕೆ ತರಲು ನಾನೊಬ್ಬನೇ ಕೂತೆ. ಕಳಿಸುವ ಮೊದಲು ತರಗತಿಯಲ್ಲಿ ಓದಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಎರಡಕ್ಕೂ ವೇಗ ಅಂತಾನೇ ಬರೆದಿದೀರಲ್ಲ?" ಅಂದಳು. ಹೌದು, 'ಜವ' ಎಂದಿರಬೇಕಾದ ಕಡೆಯೂ 'ವೇಗ' ಎಂದೇ ಬರೆದುಬಿಟ್ಟಿದ್ದೆ. ನಮ್ಮ ಊರಲ್ಲಿ ಗೊಂದಲ ಇನ್ನೂ ಹೆಚ್ಚು. ಮಕ್ಕಳು ಓದುವುದು 'ವೇಗೋತ್ಕರ್ಷ', ತೆಲುಗು ಮಾಧ್ಯಮದ ಗೆಳೆಯರಿಂದ ಕೇಳುವುದು 'ತ್ವರಣಂ'.

ಆ ದಿನ ನನಗೆ ತಿಳಿದದ್ದು ಇಷ್ಟು: ಅನುವಾದಿಸುವವನು ಒಬ್ಬ ಇದ್ದರೆ ಸಾಲದು. ತಪ್ಪು ತೋರಿಸುವವರು, ತಿದ್ದುವವರು, ಹೊಸಬರಿಗೆ ಹೇಳಿಕೊಡುವವರು ಎಲ್ಲರೂ ಬೇಕು. ಒಬ್ಬರ ಮೇಲೆ ನಿಂತ ಕೆಲಸ ಅವರ ವರ್ಗಾವಣೆಯ ಆದೇಶದ ಜೊತೆಗೇ ಹೋಗುತ್ತೆ.

ಕಾಸರಗೋಡನ್ನು ನೋಡಿ. ಅದೂ ಗಡಿಯೇ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ಮುಕ್ತ ತಂತ್ರಾಂಶದಲ್ಲಿ ನಡೆಯುತ್ತವೆ; ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಅಲ್ಲಿ ಸರ್ಕಾರದ ಬೆಂಬಲ ಇದೆ, ನಿಜ. ಹಾಗಂತ ಬೆಂಬಲ ಬರಲಿ ಅಂತ ಕಾಯುತ್ತಾ ಕೂರಬೇಕೇ?

"ಟೈಮ್ ಎಲ್ಲಿದೆ ಸಾರ್?" ಅಂತೀರಿ. ಆನ್‌ಲೈನ್ ಹಾಜರಿ, ಊಟದ ಲೆಕ್ಕ, ಸಿಲಬಸ್ ಎಲ್ಲ ನನಗೂ ಇದೆ. ಆದರೆ ಸ್ಕೂಲ್ ಕಾಂಪ್ಲೆಕ್ಸ್ ಸಭೆಯಲ್ಲಿ ಅರ್ಧ ಗಂಟೆ ತೆಗೆಯೋಣ. ಒಂದು ಸಭೆಗೆ ಇಪ್ಪತ್ತು ಪದ. ಒಬ್ಬರು ಬರೆಯಲಿ, ಇಬ್ಬರು ಓದಿ ನೋಡಲಿ, ಆಮೇಲೆ ಮಕ್ಕಳ ಮುಂದಿಡೋಣ. ಪಾಸ್‌ವರ್ಡ್ ಯಾವಾಗಲೂ ಇಬ್ಬರ ಹತ್ತಿರ ಇರಲಿ. ಹೊಸಬರು ತಪ್ಪು ಮಾಡಿದರೆ ನಗಬೇಡಿ. ನಾನೂ ಮಾಡಿದ್ದೇನಲ್ಲ!

ಮುಕ್ತ ತಂತ್ರಾಂಶ ಅಂದರೆ ಬರೀ ಬಿಟ್ಟಿ ಸಿಕ್ಕಿದ್ದು ಅಂತಲ್ಲ, ನಾವೂ ಕೈ ಹಾಕಿ ತಿದ್ದಬಹುದಾದದ್ದು. ನಾವು ಕೈ ಹಾಕದಿದ್ದರೆ ನಮ್ಮ ಮಕ್ಕಳು ಪುಸ್ತಕದಲ್ಲಿ ಒಂದು ಭಾಷೆ, ಪರದೆಯ ಮೇಲೆ ಇನ್ನೊಂದು ಭಾಷೆ ಓದಬೇಕಾಗುತ್ತೆ. ಮುಂದಿನ ಸಭೆಗೆ ಬರುವಾಗ ನಿಮ್ಮ ಪಾಠದಿಂದ ಐದು ಪದ ಬರೆದುಕೊಂಡು ಬನ್ನಿ.