ಧಾರವಾಡದ ಮೆಂತ್ಯ, ಗುತ್ತಿಗೆಯ ಗಗನನೌಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಎಷ್ಟೋ ಮಕ್ಕಳು ಕಲಿಯಲೆಂದು ಧಾರವಾಡಕ್ಕೆ ಹೋಗುತ್ತಾರೆ. ಅದೇ ಧಾರವಾಡದ ಹೆಸರುಕಾಳು ಮತ್ತು ಮೆಂತ್ಯ 2025ರಲ್ಲಿ ಬಾಹ್ಯಾಕಾಶಕ್ಕೇ ಹೋಗಿಬಂದವು! ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಹಾಗೂ ಐಐಟಿಯ ವಿಜ್ಞಾನಿಗಳು ಕೂಡಿ ಹೂಡಿದ ಪ್ರಯೋಗವಿದು. ತೂಕವೇ ತಿಳಿಯದ ತಾಣದಲ್ಲಿ ಕಾಳು ಹೇಗೆ ಮೊಳಕೆಯೊಡೆಯುತ್ತದೆ ಎಂದು ನೋಡಿಕೊಂಡವರು ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ.

ಶುಕ್ಲಾ ಹೋದದ್ದು ಯಾರ ವಾಹನದಲ್ಲಿ? ಇಸ್ರೋದ್ದಲ್ಲ, ಅಮೆರಿಕ ಸರ್ಕಾರದ್ದೂ ಅಲ್ಲ. ಸ್ಪೇಸ್‌ಎಕ್ಸ್ ಎಂಬ ಖಾಸಗಿ ಕಂಪನಿಯ ‘ಡ್ರ್ಯಾಗನ್’ ನೌಕೆಯಲ್ಲಿ. ಆ ನೌಕೆ ಹುಟ್ಟಿದ್ದೇ ಒಂದು ಸರ್ಕಾರಿ ಗುತ್ತಿಗೆಯ ಪೈಪೋಟಿಯಿಂದ.

2011ರ ಜುಲೈನಲ್ಲಿ ಅಮೆರಿಕದ ಷಟಲ್‌ಗಳು ನಿವೃತ್ತವಾದವು. ಆಮೇಲೆ ಸುಮಾರು ಒಂಬತ್ತು ವರ್ಷ ಅಮೆರಿಕದವರು ರಷ್ಯಾದ ಸೋಯುಜ್ ನೌಕೆಯನ್ನೇ ನೆಚ್ಚಬೇಕಾಯಿತು. ಬೇರೆ ದಾರಿಯಿಲ್ಲವೆಂದು ಗೊತ್ತಾದರೆ ದರ ಏರದಿರುತ್ತದೆಯೇ? ಕೊನೆಕೊನೆಗೆ ಒಂದು ಸೀಟಿಗೆ 8 ಕೋಟಿ ಡಾಲರ್ ದಾಟಿತು. ಹುಣ್ಣಿಮೆಯ ಜಾತ್ರೆ ಮುಗಿಸಿ ಯಲ್ಲಮ್ಮನ ಗುಡ್ಡದಿಂದ ಇಳಿಯುವಾಗ ನಿಂತಿರುವುದು ಒಂದೇ ಟೆಂಪೊ ಎಂದಾದರೆ ಬಾಡಿಗೆ ಹೇಳುವವನು ಯಾರೆಂದು ಸವದತ್ತಿಯವರಿಗೆ ವಿವರಿಸಬೇಕಿಲ್ಲ.

ಹೀಗಾಗಿ ಅಮೆರಿಕದ ನಾಸಾ ಸಂಸ್ಥೆ 2014ರ ಸೆಪ್ಟೆಂಬರ್‌ನಲ್ಲಿ ಎರಡು ಕಂಪನಿಗಳನ್ನು ಆರಿಸಿತು. ಬೋಯಿಂಗ್‌ಗೆ 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್. ಕೆಲಸ ಒಂದೇ: ನಿಲ್ದಾಣಕ್ಕೆ ಯಾತ್ರಿಗಳನ್ನು ಒಯ್ದು, ಕ್ಷೇಮವಾಗಿ ಕರೆತರಬೇಕು. ಹಳೆಯ ಪದ್ಧತಿಯಲ್ಲಿ ಖರ್ಚು ಎಷ್ಟಾದರೂ ಸರ್ಕಾರವೇ ಭರಿಸಿ, ಮೇಲೆ ಲಾಭವನ್ನೂ ಕೊಡುತ್ತಿತ್ತು. ಈ ಸಲ ಹಾಗಲ್ಲ. ಮನೆ ಕಟ್ಟಿಸುವಾಗ ಗೌಂಡಿಗೆ ದಿನದ ಪಗಾರ ಕೊಡುವುದು ಬೇರೆ, ಇಡೀ ಮನೆಯನ್ನು ಗುತ್ತಿಗೆ ಕೊಡುವುದು ಬೇರೆ ಅಲ್ಲವೇ? ಇದು ಎರಡನೆಯ ಬಗೆ. ತಡವಾದರೆ, ಕೆಟ್ಟರೆ, ನಷ್ಟ ಗುತ್ತೇದಾರನದು.

ಆಗ ಬಹಳ ಮಂದಿಯ ನಂಬಿಕೆ ಇದ್ದದ್ದು ಹಳೆಯ, ಹೆಸರುವಾಸಿ ಬೋಯಿಂಗ್ ಮೇಲೆ. ಆದದ್ದು ಬೇರೆ. ಸ್ಪೇಸ್‌ಎಕ್ಸ್ ಹಾದಿಯೇನೂ ಹೂವಿನದಾಗಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ನೆಲದ ಮೇಲಿನ ಪರೀಕ್ಷೆಯಲ್ಲೇ ಅದರ ಒಂದು ನೌಕೆ ಸ್ಫೋಟಿಸಿತು. ಆದರೂ 2020ರ ಮೇ 30ರಂದು ಇಬ್ಬರನ್ನು ಹೊತ್ತು ಹಾರಿತು. ಬೋಯಿಂಗ್‌ನ ‘ಸ್ಟಾರ್‌ಲೈನರ್’ 2019ರ ಡಿಸೆಂಬರ್‌ನಲ್ಲಿ ಯಾತ್ರಿಗಳಿಲ್ಲದೆ ಹಾರಿದಾಗ ಗಡಿಯಾರ ತಪ್ಪು ಹೊತ್ತು ಹಿಡಿದ ಕಾರಣ ನಿಲ್ದಾಣವನ್ನೇ ಮುಟ್ಟಲಿಲ್ಲ. ಕೋಟಿಗಟ್ಟಲೆ ಡಾಲರಿನ ನೌಕೆ, ಕೆಟ್ಟದ್ದು ಗಡಿಯಾರದ ಲೆಕ್ಕ!

ಕೊನೆಗೆ 2024ರ ಜೂನ್ 5ರಂದು ಬುಚ್ ವಿಲ್ಮೋರ್ ಮತ್ತು ಭಾರತೀಯ ಮೂಲದ ಸುನೀತಾ ವಿಲಿಯಮ್ಸ್ ಅದರಲ್ಲಿ ಹೊರಟರು. ಸುಮಾರು ಎಂಟು ದಿನದ ಪ್ರವಾಸ. ದಾರಿಯಲ್ಲಿ ಹೀಲಿಯಂ ಸೋರಿತು, ನೌಕೆಯನ್ನು ನೂಕುವ ಪುಟ್ಟ ಎಂಜಿನ್‌ಗಳು ಕೈಕೊಟ್ಟವು. ನಾಸಾ ಅವರನ್ನು ಅದರಲ್ಲಿ ಕೂರಿಸಲು ಒಪ್ಪದೆ ಸೆಪ್ಟೆಂಬರ್‌ನಲ್ಲಿ ನೌಕೆಯನ್ನು ಬರಿದಾಗಿಯೇ ಇಳಿಸಿತು. ಇಬ್ಬರೂ 2025ರ ಮಾರ್ಚ್ 18ರಂದು, 286 ದಿನಗಳ ಬಳಿಕ, ಪ್ರತಿಸ್ಪರ್ಧಿಯ ಡ್ರ್ಯಾಗನ್‌ನಲ್ಲಿ ಮರಳಿದರು. ಬೋಯಿಂಗ್‌ಗೆ ಈ ಗುತ್ತಿಗೆಯಲ್ಲಿ 200 ಕೋಟಿ ಡಾಲರಿಗೂ ಮಿಕ್ಕಿ ನಷ್ಟ.

ಎರಡು ಕಂಪನಿಗಳಿಗೆ ಹಣ ಸುರಿಯುವುದು ದುಂದು ಎಂದು ಮೊದಲಿಗೆ ವಾದಿಸಿದವರಿದ್ದರು. ಒಂದನ್ನೇ ಆರಿಸಿದ್ದರೆ, ಅದೂ ಬೋಯಿಂಗ್ ಆಗಿದ್ದರೆ, ಆ ಇಬ್ಬರನ್ನು ತರಲು ಮತ್ತೆ ರಷ್ಯಾದ ಬಾಗಿಲನ್ನೇ ತಟ್ಟಬೇಕಾಗುತ್ತಿತ್ತು.

ಇನ್ನೊಂದು ಪೇಚನ್ನೂ ಹೇಳಬೇಕು. ಒಬ್ಬ ಸ್ಪರ್ಧಿ ಕುಂಟಿದ್ದರಿಂದ ಉಳಿದದ್ದು ಮತ್ತೆ ಒಂದೇ ಟೆಂಪೊ. 2025ರ ಜೂನ್ 5ರಂದು ಸ್ಪೇಸ್‌ಎಕ್ಸ್ ಒಡೆಯ ಎಲಾನ್ ಮಸ್ಕ್, ಅಧ್ಯಕ್ಷ ಟ್ರಂಪ್ ಜೊತೆಗಿನ ಜಗಳದ ಸಿಟ್ಟಿನಲ್ಲಿ, ಡ್ರ್ಯಾಗನ್ ಸೇವೆಯನ್ನೇ ನಿಲ್ಲಿಸುವುದಾಗಿ ಸಾರಿಬಿಟ್ಟರು. ಕೆಲವೇ ಗಂಟೆಗಳಲ್ಲಿ ಮಾತು ಹಿಂತೆಗೆದುಕೊಂಡರೆನ್ನಿ. ಆದರೆ ಶುಕ್ಲಾ ಅದೇ ನೌಕೆಗಾಗಿ ಕಾಯುತ್ತಿದ್ದರು. ಹಾರಿದ್ದು ಜೂನ್ 25ರಂದು.

ಇತ್ತ ಇಸ್ರೋ ತನ್ನದೇ ‘ಗಗನಯಾನ’ವನ್ನು ಸಿದ್ಧಪಡಿಸುತ್ತಿದೆ, ಅದಕ್ಕೆ ಆಯ್ಕೆಯಾದವರ ತರಬೇತಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಶುಕ್ಲಾ ಸಹ ಆ ನಾಲ್ವರಲ್ಲಿ ಒಬ್ಬರು.